ನಾಲಗೆಗೆ ತಿಳಿಯದ ಬೆಲ್ಲ

ಟ್ಯೂಬ್‌ಲೈಟಿಗೆ ಮೀಸೆ ಬಂದಿದೆ, ಎರಡೂ ಬದಿಗೆ ಬಿಳಿ ಮೀಸೆ – ಕಣ್ಣಿಗೆ ಬಿಟ್ಟ ಮದ್ದು ಏರಿತು ಅಂತ ಅರ್ಥ, ಕಣ್ಣು ಮುಚ್ಚಿಕೊಂಡು ಕೂತಿರಿ ಟೀಚರೇ, ಡಾಕ್ಟ್ರು ಕರೀತಾರೆ ಅಂತ ಹೇಳಿ ಕಣ್ಣು ಅಳೆಯುವ ರಿಫಾ ಒಳಗೆ ಹೋದಳು, ಸ್ವರದಲ್ಲಿ ಎಂಥದೂ ಗೊತ್ತಾಗಲಿಲ್ಲ, ಸ್ಕ್ಯಾನ್ ತೆಗೆದವಳೇ ಅವಳು, ನೋಡಿಯೂ ಹೇಳಲಿಲ್ಲ, ಗಟ್ಟಿ ಹುಡುಗಿ – ಪದ್ಮಾಕ್ಷಿ ಟೀಚರು ಕಣ್ಣು ಮುಚ್ಚಿಕೊಂಡರು. ಮುಚ್ಚಿದರೆ ಎರಡೂ ಒಂದೇ, ಎಡದ್ದಕ್ಕೂ ಕತ್ತಲೆ, ಬಲದ್ದಕ್ಕೂ ಕತ್ತಲೆ, ಯಾವುದಕ್ಕೂ ತೂತಿಲ್ಲ. ತೂತು ಇರುವುದು ಬಲಗಣ್ಣಿನ ನೋಟದ ನಟ್ಟನಡುವೆ, ಒಳಗಿನ ಪರದೆಗೆ ನೀರು ತುಂಬಿದೆ, ಮೂರು ಇಂಜೆಕ್ಷನ್ ಕೊಟ್ಟು ನೋಡುವ, ಅದಕ್ಕೂ ಇಳಿಯದಿದ್ದರೆ ಆ ಕಣ್ಣಿನ ಆಸೆ ಕಷ್ಟ ಅಂದಿದ್ದರು ಡಾಕ್ಟ್ರಮ್ಮ, ಮೂರೂ ಆಯಿತು, ಇವತ್ತು ಉತ್ತರ, ಪರೀಕ್ಷೆ ಬರೆದ ಮಕ್ಕಳ ಹಾಗೆ ಮೂಡುಬಿದಿರೆಯ ಕಣ್ಣಿನ ಆಸ್ಪತ್ರೆಯ ಈ ಬೆಂಚಿನಲ್ಲಿ ಕೂತದ್ದಾಯಿತು. ಪಕ್ಕದಲ್ಲಿ ಇವರು – ಗಂಡ ಧರ್ಣಪ್ಪ, ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು – ಬಿಸ್ಕತ್ತಿನ ಪ್ಯಾಕೆಟನ್ನು ಹಲ್ಲಿನಲ್ಲಿ ಬಿಚ್ಚುವ ಸದ್ದು, ಇದು ನಿನಗಲ್ಲ ಮಾರಾಯ್ತಿ, ನೀನು ಮೊದಲೇ ಸಿಹಿ ಇದ್ದೀ, ಅಂತ ಒಂದು ತಮಾಷೆ, ಬಾಯಿ ತಮಾಷೆ ಮಾಡಿದರೂ ಬೆಳಿಗ್ಗೆ ಮಡಂತ್ಯಾರಿನಲ್ಲಿ ಹಿಡಿದ ಕೈಯನ್ನು ಟಿಕೆಟ್ ತೆಗೆಯುವಾಗ ಬಿಟ್ಟರೆ ಮತ್ತೆ ಬಿಟ್ಟಿಲ್ಲ, ಈ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ, ಒಂದು ದಿನವಲ್ಲ ಎರಡು ದಿನವಲ್ಲ, ಎಂಟು ತಿಂಗಳು.

ಎಲ್ಲ ಶುರುವಾದದ್ದು ಬೆಲ್ಲದಿಂದ. ನಿವೃತ್ತಿಗೆ ಒಂದು ವರ್ಷ ಇರುವಾಗ ಮನೆಮನೆ ಗಣತಿಯ ಡ್ಯೂಟಿ ಬಿತ್ತು, ವಿಜ್ಞಾನದ ಟೀಚರಾದರೇನು, ಹಿಂದಿಯ ಟೀಚರಾದರೇನು, ಕಾಲು ಗಟ್ಟಿ ಇದ್ದರೆ ಸರಕಾರಕ್ಕೆ ಸಾಕು, ಗುಡ್ಡ ಹತ್ತಿ ಇಳಿದು ಒಂದು ಅಂಗಳಕ್ಕೆ ಕಾಲಿಟ್ಟರೆ ಹೆಸರು ಕೇಳುವ ಮೊದಲೇ ಬರುವುದು ಬೆಲ್ಲ ಮತ್ತು ನೀರು, ಸ್ಟೀಲಿನ ತಟ್ಟೆ, ಲೋಟ, ಲೋಟದ ಪಕ್ಕದಲ್ಲಿ ಬೆಲ್ಲದ ತುಂಡು, ಬೇಡ ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ, ನಮ್ಮ ಮನೆಯ ನೀರು ನಿಮಗೆ ಆಗುವುದಿಲ್ಲವಾ ಟೀಚರೇ, ಅಂತ ಕಾಲೊನಿಯ ತುಕ್ರಪ್ಪ ಕೇಳಿದ್ದ, ಮೆತ್ತಗೆ ಕೇಳಿದ್ದ, ಆ ಮಾತಿನ ನಂತರ ಯಾವ ಮನೆಯಲ್ಲಿಯೂ ಬೇಡ ಅನ್ನಲಿಕ್ಕೆ ಬಾಯಿ ಬರಲಿಲ್ಲ – ದಿನಕ್ಕೆ ಹದಿನೈದು ಮನೆ, ಹದಿನೈದು ತುಂಡು ಬೆಲ್ಲ, ಮೈಯಲ್ಲಿ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಆಗ ಸಿಕ್ಕಿದ್ದು ಮಧುನಾಶಿನಿ ಎಲೆಯ ಕ್ಯಾಪ್ಸೂಲು, ಹಸಿರು ಡಬ್ಬಿ, ಡಬ್ಬಿಯ ಮೇಲೆ ವೈಜ್ಞಾನಿಕವಾಗಿ ಸಾಬೀತು ಅಂತ ದಪ್ಪ ಅಕ್ಷರ, ಅಚ್ಚಾದದ್ದನ್ನೆಲ್ಲ ನಂಬುವುದು ಟೀಚರುಗಳ ಚಾಳಿ, ಆದರೂ ಪರೀಕ್ಷೆ ಮಾಡದೆ ಬಿಡುವವರಾ ಪದ್ಮಾಕ್ಷಿ ಟೀಚರು, ಒಂದನ್ನು ಒಡೆದು ಪುಡಿಯನ್ನು ನಾಲಗೆಗೆ ತಿಕ್ಕಿದರು, ಕಹಿ, ಅದರ ಮೇಲೆ ಒಂದು ಚಮಚ ಸಕ್ಕರೆ ಹಾಕಿದರು – ಅಯ್ಯೋ ದೇವರೇ, ಸಿಹಿಯೇ ಇಲ್ಲ! ಬಾಯಿ ತುಂಬ ಮರಳು, ಪಾಣೆಮಂಗಳೂರಿನ ಹೊಳೆಬದಿಯ ಹೊಯಿಗೆ, ಹಲ್ಲಿನಡಿ ಕರಕರ, ಖುಷಿಯಲ್ಲಿ ಕುಣಿಯುವುದೊಂದು ಬಾಕಿ. ಪ್ರಯೋಗ, ವೀಕ್ಷಣೆ, ತೀರ್ಮಾನ: ನಾಲಗೆಗೆ ಗೊತ್ತಾಗದ ಸಕ್ಕರೆ ರಕ್ತಕ್ಕೆ ಗೊತ್ತಾಗುವುದಾದರೂ ಹೇಗೆ, ಬಾಗಿಲಲ್ಲಿಯೇ ಸತ್ತಿತಲ್ಲ. ಆಮೇಲೆ ಪ್ರತಿ ಮನೆಯ ಗೇಟಿನ ಹೊರಗೆ ನಿಂತು ಸ್ವಲ್ಪ ಪುಡಿ, ಒಳಗೆ ಹೋಗಿ ಬೆಲ್ಲ, ಮಣ್ಣಿನ ಹಾಗಿದ್ದ ಬೆಲ್ಲವನ್ನು ನಗುತ್ತಾ ಅಗಿದು ನುಂಗಿದರು, ಗಣತಿ ಮುಗಿಯಿತು, ಮದುವೆ ಮನೆಯ ಹೋಳಿಗೆಗೂ ಅದೇ ಪುಡಿ, ಡಾಕ್ಟರು ಕೊಟ್ಟ ಮಾತ್ರೆ ಹೊಟ್ಟೆ ಉಬ್ಬರಿಸುತ್ತದೆ ಅಂತ ಒಂದು ದಿನ ಬಿಟ್ಟರು, ಮತ್ತೆ ಬಿಟ್ಟೇಬಿಟ್ಟರು, ಮಾತ್ರೆ ಆಯಿತಾ ಅಂತ ಇವರು ದಿನಾ ಕೇಳುವುದು, ಆಯಿತು ಅಂತ ದಿನಾ ಹೇಳುವುದು.

ತೂತು ಕಂಡದ್ದೂ ಬೆಲ್ಲದಲ್ಲಿಯೇ. ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಸುಂದರಿಯ ಮನೆಯ ಜಗಲಿ, ಬೆವರು ಇಳಿದ ಎಡಗಣ್ಣನ್ನು ಸೆರಗಿನಿಂದ ಉಜ್ಜುತ್ತಾ ಕೈ ಚಾಚಿದರೆ ತಟ್ಟೆ ಉಂಟು, ಲೋಟ ಉಂಟು, ಬೆಲ್ಲ ಇಲ್ಲ, ತಟ್ಟೆಯ ನಡುವೆ ಬೂದಿ ಬಣ್ಣದ ಒಂದು ತೂತು, ಬೆಲ್ಲ ಎಲ್ಲಿ ಸುಂದರಿ ಅಂದರೆ ಅವಳು ನಗಾಡಿದಳು, ಮೂಗಿನ ಕೆಳಗೇ ಉಂಟಲ್ಲ ಟೀಚರೇ, ಬೆರಳಿನಿಂದ ತಡವಿದರೆ ಹೌದು, ಬೆಲ್ಲ ಅಲ್ಲಿಯೇ ಉಂಟು. ಇವರು ಮರುದಿನವೇ ಇಲ್ಲಿಗೆ ಕರೆದುಕೊಂಡು ಬಂದರು, ಮಾತ್ರೆ ಸರಿ ತಕೊಳ್ತೀರಾ ಅಂತ ಡಾಕ್ಟ್ರಮ್ಮ ಕೇಳಿದಾಗ, ಇವರು ಎದುರಿಗೇ ಇದ್ದರು, ತಕೊಳ್ತೇನೆ ಅಂದುಬಿಟ್ಟರು ಟೀಚರು. ಕಣ್ಣು ಅಳೆಯಲಿಕ್ಕೆ ಬಂದವಳು ತಲೆಗೆ ಬಟ್ಟೆ ಸುತ್ತಿದ ಹುಡುಗಿ, ಟೀಚರೇ ನಾನು ರಿಫಾ, ಏಳನೇ ಬಿ, ಅಂದಳು, ಎಡಗಣ್ಣು ಮುಚ್ಚಿಸಿದರೆ ಅವಳ ಮುಖದ ನಡುವೆಯೂ ತೂತು, ಮೂಗಿಲ್ಲದ ರಿಫಾ, ಕನ್ನಡಕ ತೆಗೆಯಲು ಹೋಗಿ ಬ್ಯಾಗಿನಿಂದ ಹಸಿರು ಡಬ್ಬಿ ಉರುಳಿತು, ಹೆಕ್ಕಿದಳು, ಓದಿದಳು, ಇವರು ಚೀಟಿ ಮಾಡಿಸಲು ಹೋಗುವ ತನಕ ಬಾಯಿ ಬಿಡಲಿಲ್ಲ. ಇದು ಮಾತ್ರೆಯ ಜೊತೆಗಾ ಟೀಚರೇ, ಮಾತ್ರೆಯ ಬದಲಿಗಾ? ಸಿಕ್ಕಿಬಿದ್ದ ಮೇಲೆ ಏನು, ಸಕ್ಕರೆ ಹೊಯಿಗೆಯಾದ ಪ್ರಯೋಗವನ್ನು ಪಾಠ ಮಾಡಿದ ಹಾಗೆಯೇ ವಿವರಿಸಿದರು, ಅವಳು ಪೂರ್ತಿ ಕೇಳಿ ಮೆಲ್ಲಗೆ ಅಂದಳು, ಇನ್ನೊಂದು ಕುಂಡ ಎಲ್ಲಿ ಟೀಚರೇ? ಹಾ – ಏಳನೆಯ ತರಗತಿ, ಹೆಸರುಕಾಳು, ಒಂದು ಕುಂಡ ಬಿಸಿಲಿಗೆ ಇನ್ನೊಂದು ಕತ್ತಲೆಗೆ, ಈ ಹುಡುಗಿ ಒಂದೇ ಕುಂಡ ಬೆಳೆಸಿ ಇನ್ನೊಂದರ ಎತ್ತರವನ್ನು ಮನಸ್ಸಿಗೆ ಬಂದ ಹಾಗೆ ಬರೆದು ತಂದಿದ್ದಳು, ಟೀಚರು ಬೈಯಲಿಲ್ಲ, ಇನ್ನೊಂದು ಕುಂಡ ಎಲ್ಲಿ ಅಂತ ಕೇಳಿದ್ದಷ್ಟೇ, ಬೆಳೆಸಲಿಲ್ಲ ಅಂತ ನೀನೇ ಬರಿ, ನಾನು ಯಾರಿಗೂ ಹೇಳುವುದಿಲ್ಲ.

ನೀವು ಅಳೆದದ್ದು ನಾಲಗೆಯನ್ನು ಟೀಚರೇ, ಅಂದಳು ರಿಫಾ, ರಕ್ತವನ್ನು ಅಲ್ಲ. ಎಲೆಯಲ್ಲಿ ಏನೂ ಇಲ್ಲ ಅಂತ ನಾನು ಹೇಳುವುದಿಲ್ಲ, ಸಿಹಿ ಗೊತ್ತಾಗದ ಹಾಗೆ ಮಾಡ್ತದೆ, ಅದು ಸಾಬೀತಾದದ್ದೇ, ಸ್ವಲ್ಪ ಹೊತ್ತು ಮಾತ್ರ, ಸಕ್ಕರೆ ಇಳಿಯಿತು ಅಂತ ಹೇಳುವ ಅಧ್ಯಯನಗಳೂ ಉಂಟು, ಸಣ್ಣ ಸಣ್ಣದು, ಜನ ಕಡಿಮೆ, ಹೆಚ್ಚಿನದರಲ್ಲಿ ಹೋಲಿಸಿ ನೋಡುವ ಇನ್ನೊಂದು ಕುಂಡವೇ ಸರಿ ಇಲ್ಲ, ಮಾತ್ರೆ ಬಿಟ್ಟು ಇದೊಂದೇ ಸಾಕು ಅಂತ ಯಾರೂ ತೋರಿಸಿಲ್ಲ – ಮೊಬೈಲಿನಲ್ಲಿ ಒಂದೊಂದನ್ನೇ ತೆಗೆದು ಓದಿ ಹೇಳಿದಳು, ಸಂಬಳಕ್ಕೆ ಮಾಡುವ ಕೆಲಸವಾ ಅದು, ಕೊನೆಗೆ, ಡಾಕ್ಟ್ರಿಗೆ ನೀವೇ ಹೇಳಿ ಟೀಚರೇ, ಮನೆಯಲ್ಲಿಯೂ ನೀವೇ ಹೇಳಿ, ನಾನು ಹೊರಗೆ ನಿಲ್ತೇನೆ. ಹೇಳಿದರು. ಡಾಕ್ಟ್ರಮ್ಮ ಬೈದು ಮಾತ್ರೆ ಬದಲಿಸಿದರು, ಹೊಟ್ಟೆ ಉಬ್ಬರಿಸದ್ದು ಕೊಟ್ಟರು, ಅಷ್ಟು ಸುಲಭ ಇತ್ತು, ಇವರು ಬೈಯಲಿಲ್ಲ, ಬಸ್ಸು ಬೆಳ್ತಂಗಡಿ ರಸ್ತೆಗೆ ತಿರುಗಿದ ಮೇಲೆ ಅಂದರು, ಮಾತ್ರೆ ಆಯಿತಾ ಅಂತ ನಾನು ಕೇಳಿದ್ದು ಲೆಕ್ಕಕ್ಕಲ್ಲ, ಹೆದರಿಕೆಗೆ ಮಾರಾಯ್ತಿ. ಎಷ್ಟು ಒಳ್ಳೆಯ ಜನ ನನ್ನ ಸುತ್ತ, ಎಂಥ ಪುಣ್ಯ ನನ್ನದು, ಕಣ್ಣು ಬರಲಿ ಬಾರದಿರಲಿ – ಬಾರದಿರಲಿ ಅಂತ ಸುಮ್ಮನೆ ಹೇಳುವುದು, ಬರಲಿ, ದಯವಿಟ್ಟು ಬರಲಿ –

ಪದ್ಮಾಕ್ಷಿ ಟೀಚರೇ, ಬನ್ನಿ. ಇವರ ಕೈ, ಬಾಗಿಲು, ಕುರ್ಚಿ, ಗಲ್ಲ ಇಲ್ಲಿಡಿ, ಬೆಳಕು, ಇನ್ನೂ ಬೆಳಕು, ಡಾಕ್ಟ್ರಮ್ಮನ ಉಸಿರು, ನೀರು ಇಳಿದಿದೆ, ಪೂರ್ತಿ ಮೊದಲಿನ ಹಾಗೆ ಆಗಲಿಕ್ಕಿಲ್ಲ, ಸಣ್ಣ ಅಕ್ಷರ ಕಷ್ಟ ಆದೀತು, ಆದರೆ ಕಣ್ಣು ಉಳಿಯಿತು, ಇನ್ನು ಮಾತ್ರೆ ಬಿಟ್ಟರೆ ನನ್ನ ಹತ್ತಿರ ಬರಬೇಡಿ. ಇವರು ಮೂಗೇರಿಸುವ ಸದ್ದು, ಬಿಸ್ಕತ್ತು ತಿಂದ ಬಾಯಿಯಲ್ಲಿ ಅಳುತ್ತಿದ್ದಾರೆ. ಟೀಚರು ಎಡಗಣ್ಣಿಗೆ ಅಂಗೈ ಮುಚ್ಚಿದರು, ಇಷ್ಟು ದಿನ ಹೆದರಿ ತಾನಾಗಿ ಮುಚ್ಚಿ ನೋಡಿರಲಿಲ್ಲ, ಬಲಗಣ್ಣಿನೆದುರು ರಿಫಾ, ಮದ್ದಿಗೆ ಮಬ್ಬು, ಮಬ್ಬಾದರೂ ಇಡೀ ರಿಫಾ, ಮೂಗು ಉಂಟು, ಮೂಗಿನ ಕೆಳಗೆ ನಗು ಉಂಟು, ಇನ್ನೊಂದು ಕುಂಡ ಸಿಕ್ಕಿತಾ ಟೀಚರೇ ಅಂತ ಕೇಳುತ್ತಿದ್ದಾಳೆ, ಸಿಕ್ಕಿತು ಮಗಳೇ, ನಾಳೆ ಸುಂದರಿಯ ಮನೆಗೆ ಹೋಗಬೇಕು, ತುಕ್ರಪ್ಪನಲ್ಲಿಗೂ, ನೀರು ಇಡೀ ಲೋಟ ಕುಡಿಯಬೇಕು, ಬೆಲ್ಲ ನೋಡಬೇಕು, ತಿನ್ನಲಿಕ್ಕಲ್ಲ, ನೋಡಲಿಕ್ಕೆ, ಸ್ಟೀಲಿನ ತಟ್ಟೆ, ಲೋಟ, ಲೋಟದ ಪಕ್ಕದಲ್ಲಿ ಬೆಲ್ಲ, ಮೂಲೆ ಒಡೆದ ಬೆಲ್ಲ, ನಡುವೆ ತೂತಿಲ್ಲದ ಒಂದು ಇಡೀ ತುಂಡು ಬೆಲ್ಲ