ಒಂದಗುಳು

"ಎಂಟನೇ ಕ್ಲಾಸಿಗೇ ಶಾಲೆಗೆ ಕೈಮುಗಿದವನು ನನ್ನ ಸಿದ್ಧಾಂತ ತಿದ್ತಾನಂತೆ, ಕೇಳ್ರಪ್ಪಾ!"

ಪ್ರೊಫೆಸರು ಹೀಗಂದದ್ದೇ ತಡ, ಪ್ರಯೋಗಾಲಯವೆಲ್ಲ ನಕ್ಕಿತು. ಆಸ್ಪತ್ರೆಯಿಂದ ಬಂದಿದ್ದ ಮೂಳೆ ಡಾಕ್ಟರಮ್ಮ ಮಾತ್ರ ನಗಲಿಲ್ಲ. ಎರಕದವನ ಕಿವಿ ಕಾದ ಕಬ್ಬಿಣವಾಯಿತು.

ಕೃತಕ ಮೂಳೆಯ ನೊರೆಹಿಟ್ಟನ್ನು ಅಚ್ಚಿಗೆ ಹೊಯ್ಯುವವನು ಅವನೇ. ಗಟ್ಟಿಯಾದರೆ ಇಟ್ಟಿಗೆಯಂಥ ಬಿಳಿ ದಿಂಡು; ಒಳಗೆಲ್ಲ ಲಕ್ಷಾಂತರ ಸಣ್ಣ ತೂತು. ಒಂದೊಂದನ್ನೂ ಲೆಕ್ಕಕ್ಕೆ ಹಿಡಿಯುವುದು ಕಂಪ್ಯೂಟರಿಗೂ ಆಗದ ಮಾತು. ಅದಕ್ಕೇ ಪ್ರೊಫೆಸರು ನಡುವಿನಿಂದ ಉಗುರಿನಷ್ಟು ತುಂಡು ಕುಯ್ಯಿಸಿ, ಅದರ ಬಲ ಲೆಕ್ಕ ಹಾಕಿ, ಇಡೀ ದಿಂಡಿಗೆ ಅದೇ ಬಲವೆಂದು ಬರೆದುಬಿಡುತ್ತಿದ್ದರು.

"ಅನ್ನ ಬೆಂದಿದೆಯೋ ನೋಡೋಕೆ ಒಂದಗುಳು ಹಿಸುಕಿದ್ರೆ ಸಾಕಯ್ಯಾ," ಎಂದಿದ್ದರು.

"ತಳ ಸೀದಿದ್ದು ನಡುವಿನ ಅಗುಳಿಗೆ ಗೊತ್ತಾಗಲ್ಲ ಸಾರ್. ಹೊಯ್ದ ಮೇಲೆ ಗುಳ್ಳೆ ಮೇಲಕ್ಕೇರ್ತವೆ. ಮೇಲಿನ ಪದರ ಟೊಳ್ಳು," ಎಂದಿದ್ದ ಅವನು. ಬೈಗುಳ ಬಿದ್ದದ್ದು ಅದಕ್ಕೆ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಡಾಕ್ಟರಮ್ಮ ಇವತ್ತು ರುಜು ಹಾಕಿದರೆ ಸೋಮವಾರದಿಂದ ಇದು ಮನುಷ್ಯರ ಮೊಣಕಾಲಿಗೆ ಹೋಗುತ್ತದೆ. ಮೊದಲ ಪಟ್ಟಿಯ ಹನ್ನೊಂದು ಜನರಲ್ಲಿ ಅವನ ಅಕ್ಕನೂ ಇದ್ದಳು. ಕಾಡಿಬೇಡಿ ಸೇರಿಸಿದ್ದು ಅವನೇ.

ಪೆನ್ಸಿಲು ತೆಗೆದು ದಿಂಡಿನ ಮೇಲ್ಭಾಗಕ್ಕೆ ಅಡ್ಡಗೆರೆ ಎಳೆದ. "ಮುರಿಯೋದು ಇಲ್ಲಿ."

"ಮುರೀದಿದ್ರೆ?"

"ನಾಳೆಯಿಂದ ಬರಲ್ಲ ಸಾರ್."

"ಹಾಗೇ ನನ್ನ ಮದುವೆ ಯಾವಾಗ ಅಂತಾನೂ ಹೇಳ್ಬಿಡಯ್ಯಾ," ಎಂದು ವಿದ್ಯಾರ್ಥಿಯೊಬ್ಬ ಕೆಣಕಿದ.

ಒತ್ತುಯಂತ್ರ ಇಳಿಯಿತು. ಪರದೆಯ ಅಂಕಿ ಪ್ರೊಫೆಸರು ಹೇಳಿದ್ದ ಭಾರದ ಅರ್ಧಕ್ಕೂ ಏರಿರಲಿಲ್ಲ, ದಿಂಡು ಒಣಕಡ್ಡಿಯಂತೆ ಲಟಕ್ಕೆಂದಿತು. ಗೆರೆಗಿಂತ ಒಂದು ಬೆರಳು ಮೇಲೆ, ಪದರ ಪುಡಿಯಾಗಿ ಕುಸಿದಿತ್ತು.

ಡಾಕ್ಟರಮ್ಮ ಪೆನ್ನಿಗೆ ಮುಚ್ಚಳ ಹಾಕಿದರು. "ಪಟ್ಟಿ ಸದ್ಯಕ್ಕೆ ನಿಲ್ಲಲಿ."

"ಎರಕದಲ್ಲೇ ಏನೋ ಎಡವಟ್ಟು ಮಾಡಿದ್ದೀಯ," ಎಂದರು ಪ್ರೊಫೆಸರು. ದನಿಯಲ್ಲಿ ಮೊದಲಿನ ಬಿರುಸಿರಲಿಲ್ಲ. "ಇಲ್ದಿದ್ರೆ ನಿನಗೆ ಹೇಗೋ ಗೊತ್ತಾಗ್ಬೇಕು?"

ಅವನು ನಿನ್ನೆ ಇನ್ನೊಂದು ದಿಂಡಿನಿಂದ ಕುಯ್ದಿಟ್ಟಿದ್ದ ಮೂರು ತೆಳು ಬಿಲ್ಲೆಗಳನ್ನು ಜೇಬಿನಿಂದ ತೆಗೆದು ಕಿಟಕಿಯ ಅಂಚಿಗೆ ಸಾಲಾಗಿ ನಿಲ್ಲಿಸಿದ: ಬುಡದ್ದು, ನಡುವಿನದು, ತುದಿಯದು. ಮೊದಲೆರಡರ ನೆರಳು ಕಪ್ಪಗೆ ಬಿತ್ತು. ಮೂರನೆಯದು ಬಿಸಿಲನ್ನು ಜರಡಿ ಹಿಡಿಯಿತು.

ಏಪ್ರನ್ನು ಮೊಳೆಗೆ ನೇತುಹಾಕಿ ಹೊರಟ. ಹಿಂದಿನಿಂದ ಯಾರೋ ಕರೆದರು. ತಿರುಗಲಿಲ್ಲ.

ಮನೆಯಲ್ಲಿ ಅಕ್ಕ, ಕಾಲು ಸರಿಹೋದ ಮೇಲೆ ಮೆಟ್ಟಲೆಂದು ಕೊಂಡ ಚಪ್ಪಲಿಯನ್ನು ಆಗಲೇ ಡಬ್ಬಿಯಿಂದ ತೆಗೆದು ಬಾಗಿಲ ಬಳಿ ಇಟ್ಟಿದ್ದಳು.