ಫಕೀರವ್ವನ ಹೊಸ್ತಿಲು

ನಾಗನೂರಿನಲ್ಲಿ ನಾನು ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದೆ. ಅದರಲ್ಲಿ ಒಂಬತ್ತು ವರ್ಷ, ಐತ್ವಾರ ತಪ್ಪದೆ, ಮಧ್ಯಾಹ್ನದ ಊಟ ಮುಗಿಸಿ ಫಕೀರವ್ವನ ಸಿಂದಿ ಅಂಗಡಿಗೆ ಹೋಗಿದ್ದೇನೆ. ಇದನ್ನು ಈಗ ಬರೆಯಲು ನನಗೆ ನಾಚಿಕೆಯಿಲ್ಲ, ಪೆನ್ಶನ್ ಕೈಗೆ ಬಂದಾಗಿದೆ. ಆಗ ಮಾತ್ರ ಹಿಂದಿನ ಬಾಗಿಲಿಂದ ಹೋಗುತ್ತಿದ್ದೆ. ಮುಂದಿನ ಬಾಗಿಲು ಮೂಡಲಗಿಯ ದಾರಿಗಿತ್ತು, ಆ ದಾರಿಯಲ್ಲಿ ನನ್ನ ವಿದ್ಯಾರ್ಥಿಗಳ ತಂದೆಯರು ಓಡಾಡುತ್ತಿದ್ದರು. ಅವರಲ್ಲಿ ಅರ್ಧ ಮಂದಿ ಆ ಹೊತ್ತಿಗೆ ಅಂಗಡಿಯ ಒಳಗೇ ಇರುತ್ತಿದ್ದರೆಂಬುದು ಬೇರೆ ಮಾತು.

ಅಂಗಡಿ ಎಂದರೆ ದೊಡ್ಡದೇನಲ್ಲ. ಹಳ್ಳದ ದಂಡೆಯ ಈಚಲ ಗಿಡಗಳ ಮಗ್ಗುಲಲ್ಲಿ ಒಂದು ಮಣ್ಣಿನ ಗೋಡೆಯ ಮನೆ, ಮೇಲೆ ಈಚಲ ಗರಿಯ ಹೊದಿಕೆ. ಒಳಗೆ ನೆಲದಲ್ಲಿ ಅರ್ಧ ಹೂತಿಟ್ಟ ಮೂರು ಹರವಿಗಳು. ಚೈತ್ರದ ಬಿಸಿಲಲ್ಲೂ ಅಲ್ಲಿ ತಂಪು. ಬಂದವರು ಗೋಡೆಗೆ ಬೆನ್ನು ಹಚ್ಚಿ ಕೂತರೆ ಫಕೀರವ್ವ ಮಣ್ಣಿನ ಮಗಿಯಲ್ಲಿ ನೊರೆಯುಕ್ಕುವ ಸಿಂದಿ ತಂದು ಮುಂದಿಡುವಳು, ಜೊತೆಗೆ ಎಲೆಯ ಮೇಲೆ ಒಂದು ಹಿಡಿ ಮಡಕಿಕಾಳಿನ ಉಸಳಿ. ಆ ಉಸಳಿಯ ಖಾರಕ್ಕೆ ಎರಡನೆಯ ಮಗಿ ತಾನಾಗಿ ಬರುತ್ತಿತ್ತು. ಮಳೆ, ಎತ್ತು, ಗೋಕಾಕದ ಗಿರಣಿಯ ಪಾಳಿ, ಇಂಥವೇ ಮಾತು. ಅವಸರ ಮಾಡುವವರಿಗೆ ಅಲ್ಲಿ ಜಾಗವಿರಲಿಲ್ಲ. ನನಗಂತೂ ಆ ಊರಿನಲ್ಲಿ ಮನಸ್ಸು ಹಗುರಾಗುತ್ತಿದ್ದ ಜಾಗ ಅದೊಂದೇ.

ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬಳೇ ನಡೆಸುತ್ತಿದ್ದ ಫಕೀರವ್ವನಿಗೆ ಒಂದೇ ಒಂದು ಕಾಯ್ದೆ ಇತ್ತು. ಒಳಗೆ ಆಡಿದ ಮಾತು ಹೊಸ್ತಿಲು ದಾಟಬಾರದು. ಬೈಗುಳವಿರಲಿ, ಆಣೆಯಿರಲಿ, ಮಗಳನ್ನು ಕೊಡುತ್ತೇನೆಂಬ ಮಾತಿರಲಿ, ಎಲ್ಲ ಅಲ್ಲೇ ಉಳಿಯಬೇಕು. ಹಿಂದೊಮ್ಮೆ ರಾಜಪ್ಪನೆಂಬವನು ಮೂರನೆಯ ಮಗಿಯ ಮೇಲೆ ತನ್ನ ಜೋಡೆತ್ತನ್ನೇ ಪರಪ್ಪನಿಗೆ ದಾನ ಮಾಡಿಬಿಟ್ಟಿದ್ದ. ಮರುದಿನ ಪರಪ್ಪ ಹಗ್ಗ ಹಿಡಿದು ರಾಜಪ್ಪನ ಕೊಟ್ಟಿಗೆಗೆ ಬಂದಾಗ ಫಕೀರವ್ವ ಕಸಬರಿಗೆ ಹಿಡಿದು ಅಡ್ಡ ನಿಂತಳು. ಕುಡಿದವನು ಒಂದು ನಿದ್ದೆ ಮಾಡಿ ಎದ್ದು, ಅದೇ ಮಾತನ್ನು ಮತ್ತೆ ಆಡಿದರೆ ಮಾತ್ರ ಅದು ಮಾತು ಎಂದು ತೀರ್ಪು ಕೊಟ್ಟಳು. ಅಂದಿನಿಂದ ಚಾವಡಿಯ ಹಿರಿಯರೂ ಆ ಕಾಯ್ದೆಯನ್ನು ಒಪ್ಪಿಕೊಂಡರು.

ನಾನು ಹೇಳಹೊರಟ ಐತ್ವಾರ ಇಸವಿ ಮೂವತ್ತೈದೋ ಮೂವತ್ತಾರೋ, ಭಾದ್ರಪದದ ಹುಣ್ಣಿಮೆಯ ಮರುದಿನ. ಅಂಗಡಿಯಲ್ಲಿ ನಾವು ಮೂವರು. ನಾನು, ಬಾಯಿಗೆ ಬಿಡುವು ಕೊಡದ ಲಕ್ಕಪ್ಪ, ಮತ್ತು ಬಾಗಿಲಿಗೆ ಬೆನ್ನು ಮಾಡಿ ಮೂಲೆಯಲ್ಲಿ ಕೂತ ಕುರುಬರ ಬೀರಸಿದ್ದಪ್ಪ. ಅರವತ್ತು ದಾಟಿದ ಮುದುಕ, ನೂರಿಪ್ಪತ್ತು ಕುರಿಗಳ ಒಡೆಯ. ಮಾತು ಮೊದಲೇ ಕಡಿಮೆ, ಅಂದು ಅದೂ ಇಲ್ಲ. ಮುಂದೆ ಮಗಿ ಇಟ್ಟುಕೊಂಡು, ಕಂಬಳಿಯನ್ನು ಮೊಣಕಾಲ ಮೇಲೆ ಹಾಕಿಕೊಂಡು ಗೋಡೆ ನೋಡುತ್ತ ಕೂತಿದ್ದ. ಫಕೀರವ್ವ ಇನ್ನೊಂದು ಮಗಿ ಬೇಕೇನೆಂದು ಕೇಳಿದ್ದಕ್ಕೆ ತಲೆ ಮಾತ್ರ ಅಲ್ಲಾಡಿಸಿದ.

ಗರಿಯ ಸಂದಿನಿಂದ ಹೊರಗೆ ಇಣುಕಿದ ಲಕ್ಕಪ್ಪ, ಬೇವಿನ ಮರದ ಕೆಳಗೆ ತವನಪ್ಪ ಸಾವಕಾರರು ನಿಂತಿದ್ದಾರೆಂದು ಪಿಸುಗುಟ್ಟಿದ. ಸಾವಕಾರರು ಸಾಲೆಯ ಕಮಿಟಿಯವರು. ಟೊಪ್ಪಿಗೆ ತೆಗೆದು ನನ್ನ ಮಗಿಯ ಮೇಲೆ ಮುಚ್ಚಿದೆ. ಅವರ ಹೊಲವನ್ನು ಪಾಲಿಗೆ ಮಾಡುತ್ತಿದ್ದ ಲಕ್ಕಪ್ಪನೋ, ಅವರು ತನ್ನನ್ನೇ ಹಿಡಿಯಲು ಬಂದದ್ದೆಂದು ಹರವಿಯ ಹಿಂದೆ ಸರಿದು ಕೂತ. ಬೀರಸಿದ್ದಪ್ಪ ಮಾತ್ರ ಅತ್ತ ತಿರುಗಲಿಲ್ಲ.

ತವನಪ್ಪನವರು ನೀರನ್ನೂ ಸೋಸಿ ಕುಡಿಯುವ ಜೈನರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವವರಲ್ಲ. ನಮ್ಮ ಅಂಗಡಿಯ ಮುಂದೆ ಹಾಯುವಾಗ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡೇ ಹಾಯುತ್ತಿದ್ದರು. ಅಂಥವರು ಅಂದು ಒಂದು ತಾಸು ಅಲ್ಲಿ ನಿಂತಿದ್ದರು. ನಿಲ್ಲುವರು, ಬಾಗಿಲ ಕಡೆ ಎರಡು ಹೆಜ್ಜೆ ಬರುವರು, ಮತ್ತೆ ಮರದ ಕೆಳಗೆ ಹೋಗುವರು. ಅವರು ನನಗಾಗಿಯಾಗಲಿ ಲಕ್ಕಪ್ಪನಿಗಾಗಿಯಾಗಲಿ ಬಂದಿಲ್ಲ ಎಂದು ಆಗ ನನಗೆ ಹೊಳೆಯಿತು. ಅವರು ಬಂದದ್ದು ಬೀರಸಿದ್ದಪ್ಪನಿಗಾಗಿ.

ಯಾಕೆಂದು ಊರಿಗೆಲ್ಲ ಗೊತ್ತಿತ್ತು. ಇಪ್ಪತ್ತು ವರ್ಷದಿಂದ ಸುಗ್ಗಿ ಮುಗಿಯುತ್ತಲೇ ಬೀರಸಿದ್ದಪ್ಪ ತನ್ನ ಕುರಿಗಳನ್ನು ತಂದು ಸಾವಕಾರರ ಹೊಲದಲ್ಲಿ ರಾತ್ರಿ ನಿಲ್ಲಿಸುತ್ತಿದ್ದ. ಹೊಲಕ್ಕೆ ಗೊಬ್ಬರ, ಕುರುಬನಿಗೆ ಜೋಳ. ಸಾವಕಾರರದು ಒಂದೇ ಕರಾರು, ತಮ್ಮ ಹೊಲದಲ್ಲಿ ಕುರಿ ಕಡಿಯಬಾರದು. ಅವನು ಹೂಂ ಎಂದಿದ್ದ, ಹಾಗೆಯೇ ನಡೆದುಕೊಂಡಿದ್ದ. ಆ ವರ್ಷ ಯುಗಾದಿಯ ಮುಂದೆ ಒಂದು ಬೆಳಗ್ಗೆ ಸಾವಕಾರರು ಹೊಲಕ್ಕೆ ಹೋದಾಗ ಬದುವಿನ ಕಲ್ಲಿನ ಮೇಲೆ ರಕ್ತ ಕಂಡರು. ಪಕ್ಕದಲ್ಲಿ ರಕ್ತ ಒರೆಸಿದ ಬಟ್ಟೆ. ಅಲ್ಲಿಂದ ನೆಟ್ಟಗೆ ಚಾವಡಿಗೆ ಬಂದವರೇ ಹತ್ತು ಮಂದಿಯ ಮುಂದೆ ಬೀರಸಿದ್ದಪ್ಪನನ್ನು ಕರೆಸಿ, ಮಾತುಗೇಡಿ ಎಂದು ಬಾಯಿಗೆ ಬಂದಂತೆ ಬೈದರು. ಅವನು ನಿಂತು ಎಲ್ಲ ಕೇಳಿದ. ಒಂದು ಮಾತೂ ಆಡದೆ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಆ ಸಂಜೆಯೇ ಕುರಿಗಳನ್ನು ಹೊಡೆದುಕೊಂಡು ಹುಕ್ಕೇರಿಯ ಕಡೆ ಹೋಗಿಬಿಟ್ಟ.

ನಾಲ್ಕು ದಿನದ ಮೇಲೆ ಸಾವಕಾರರ ಹೆಂಡತಿ ಪದ್ಮವ್ವನವರಿಗೆ ಮೂಡಲಗಿ ಸಂತೆಯಲ್ಲಿ ಬೀರಸಿದ್ದಪ್ಪನ ಹೆಂಡತಿ ಸತ್ತೆವ್ವ ಭೆಟ್ಟಿಯಾದಳು. ಅವಳ ಮಡಿಲಲ್ಲಿ ಒಂದು ಪುಟ್ಟ ಮರಿ. ಆ ರಾತ್ರಿ ಬದುವಿನ ಮೇಲೆ ಒಂದು ಕುರಿ ಬಹಳ ಕಷ್ಟಪಟ್ಟು ಈದಿತ್ತು. ತಾಯಿ ಉಳಿಯಲಿಲ್ಲ, ಮರಿ ಉಳಿಯಿತು. ಸತ್ತ ಕುರಿಯನ್ನೂ ಬೀರಸಿದ್ದಪ್ಪ ಆ ಹೊಲದಲ್ಲಿ ಕೊಯ್ಯದೆ, ಕತ್ತಲಲ್ಲೇ ಹಳ್ಳದಾಚೆ ಹೊತ್ತೊಯ್ದು ಹೂತು ಬಂದಿದ್ದ. ಪದ್ಮವ್ವನವರು ಮನೆಗೆ ಬಂದು ಗಂಡನಿಗೆ ಹೇಳಿದ್ದು ಓಣಿಗೆಲ್ಲ ಕೇಳಿಸಿತು.

“ಆರು ಮಂದಿ ಹಡದೇನಿ. ಒಮ್ಮೆರ ಕ್ವಾಣಿ ಒಳಗ ಬಂದು ನೋಡೀರೇನ್ರಿ? ಹಡದ ರಗತ ಯಾವುದು, ಕಡದ ರಗತ ಯಾವುದು, ನಿಮಗೆಂಗ ತಿಳೀಬೇಕು?”

ತಪ್ಪು ಯಾರದೆಂದು ಅಂದೇ ತಿಳಿಯಿತು. ಆದರೆ ಒಪ್ಪಿಕೊಳ್ಳುವುದಕ್ಕೆ ಮನುಷ್ಯನಿಗೆ ನೆವ ಬೇಕಲ್ಲ. ಮಳೆ ಬರಲಿ ಎಂದರು, ಬಿತ್ತನೆ ಮುಗಿಯಲಿ ಎಂದರು, ಬೀರಸಿದ್ದಪ್ಪ ಊರಿಗೆ ಮರಳಿದ ಮೇಲೂ ಎದುರಾದರೆ ಓಣಿ ಬದಲಿಸಿದರು. ಅಷ್ಟರಲ್ಲಿ ಜೈನರ ನೋಂಪಿಯ ವ್ರತ ಬಂತು, ಅದರ ಹಿಂದೆಯೇ ಕ್ಷಮಾವಣಿ. ಅಂದು ಜೈನರು ವರ್ಷದಲ್ಲಿ ಯಾರ ಮನಸ್ಸು ನೋಯಿಸಿದ್ದರೂ ಅವರ ಮುಂದೆ ಕೈ ಮುಗಿದು ಕ್ಷಮೆ ಕೇಳಬೇಕು. ತವನಪ್ಪನವರು ಎರಡು ದಿನದ ಉಪವಾಸ ಹಿಡಿದಿದ್ದರು, ಕ್ಷಮೆ ಕೇಳಿ ಬಂದ ಮೇಲೆಯೇ ಪಾರಣೆಯ ಊಟ. ಬೆಳಗ್ಗೆ ಬಸದಿಯಲ್ಲಿ ಎಲ್ಲರಿಗೂ ಕೈ ಮುಗಿದು ಬಂದರು. ಪದ್ಮವ್ವನವರು ಊಟ ಬಡಿಸಿದರು. ತಾಟಿನ ಮುಂದೆ ಕೂತವರಿಗೆ ತುತ್ತು ಎತ್ತಲಾಗಲಿಲ್ಲ. ಬಿಸಿಲು ಇಳಿದ ಮೇಲೆ ಎದ್ದು ಬೀರಸಿದ್ದಪ್ಪನ ಮನೆಗೆ ಹೋದರು. ಅವನು ಫಕೀರವ್ವನ ಅಂಗಡಿಯಲ್ಲಿದ್ದಾನೆಂದು ಸತ್ತೆವ್ವ ಹೇಳಿದಳು. ಹೊರಗೆ ಬರುವ ತನಕ ಕಾಯೋಣವೆಂದು ಬೇವಿನ ಮರದ ಕೆಳಗೆ ನಿಂತರು. ಅವನು ಬರಲಿಲ್ಲ, ಹೊತ್ತು ಇಳಿಯತೊಡಗಿತು. ಮುಳುಗಿತೆಂದರೆ ಮೂರನೆಯ ರಾತ್ರಿಯೂ ಅನ್ನ ನೀರಿಲ್ಲ.

ಕೊನೆಗೆ ಅವರು ಬಂದೇ ಬಿಟ್ಟರು. ಬಸದಿಯ ರೂಢಿ ನೋಡಿ, ಸಿಂದಿ ಅಂಗಡಿಯ ಬಾಗಿಲಲ್ಲೂ ಮೆಟ್ಟು ಕಳಚಿಟ್ಟರು. ಬಾಗಿ ಒಳಗೆ ಬಂದಾಗ ರುಮಾಲು ಗರಿಗೆ ತಾಗಿ ಓರೆಯಾಯಿತು. ನಾನು ಎದ್ದು ನಮಸ್ಕಾರ ಮಾಡಿದೆ, ನೆಲದ ಮೇಲಿನ ಟೊಪ್ಪಿಗೆಯನ್ನು ಕಾಲಿಂದ ಹಿಂದಕ್ಕೆ ತಳ್ಳಿದೆ. ಅವರು ನನ್ನನ್ನು ನೋಡಲೇ ಇಲ್ಲ. ಮೂಗನ್ನೂ ಮುಚ್ಚಿಕೊಂಡಿರಲಿಲ್ಲ.

“ಬೀರಸಿದ್ದಪ್ಪ,” ಎಂದರು. “ನಾ ತಪ್ಪ ಮಾಡೇನಿ. ಹತ್ತ ಮಂದಿ ಮುಂದ ನಿನ್ನ ಮಾತಗೇಡಿ ಅಂದೆ. ನೀ ಮಾತ ತಪ್ಪಿದವ ಅಲ್ಲ. ನನ್ನ ಕ್ಷಮಾ ಮಾಡು.”

ಬೀರಸಿದ್ದಪ್ಪ ತಿರುಗಿ ನೋಡಿದ. ಉತ್ತರ ಕೊಟ್ಟದ್ದು ಹರವಿಯ ಹಿಂದಿದ್ದ ಲಕ್ಕಪ್ಪ. ಅವನಿಗೆ ಸುಮ್ಮನಿರುವುದು ಗೊತ್ತಿಲ್ಲ. ಇಲ್ಲಿ ಆಡಿದ ಮಾತು ಲೆಕ್ಕಕ್ಕಿಲ್ಲ ಸಾವಕಾರರೇ, ಇದು ಫಕೀರವ್ವನ ಕಾಯ್ದೆ ಎಂದ. ನನಗೆ ಅವನ ಬಾಯಿಗೆ ಉಸಳಿ ತುರುಕಬೇಕೆನಿಸಿತು. ಸಾವಕಾರರು ಫಕೀರವ್ವನ ಮುಖ ನೋಡಿದರು. ಪಾಪ, ಅವಳಿಗೂ ಸಂಕಟ. ಆದರೆ ಜೋಡೆತ್ತಿಗೆ ಒಂದು ಕಾಯ್ದೆ, ಸಾವಕಾರರಿಗೆ ಒಂದು ಕಾಯ್ದೆ ಮಾಡುವ ಹೆಂಗಸಲ್ಲ ಅವಳು. ಕುಡಿದು ಕೂತವನು ಹೊರಗೆ ಬಂದು ಹೇಳಿದರೂ ಇಂದು ನಡೆಯುವುದಿಲ್ಲ, ಅವನು ಮಲಗಿ ಏಳಲಿ, ನಾಳೆ ಬೆಳಗ್ಗೆ ಬರ್ರಿ ಎಂದು ಮೆಲ್ಲಗೆ ಹೇಳಿದಳು.

ಬಾಗಿಲಿಂದ ಬಂದ ಬಿಸಿಲು ಹಳದಿಯಾಗಿ ಹರವಿಯ ಕೊರಳಿಗೆ ಏರಿತ್ತು. ಸಾವಕಾರರು ಅದನ್ನೊಮ್ಮೆ ನೋಡಿದರು. ಅವರ ತುಟಿಗಳು ಒಣಗಿದ್ದವು. ನಾಳೆಯೇ ಬರುತ್ತೇನೆಂದು ತಿರುಗಿದರು. ಆಗ ಬೀರಸಿದ್ದಪ್ಪ ಬಾಯಿ ಬಿಟ್ಟ.

“ಹೊಲಕ್ಕ ಕುರಿ ಬೇಕಂತ ಬಂದೀರೇನ್ರಿ ಸಾವಕಾರ್ರ?”

“ಹೊಲದ ಮಾತ ಬ್ಯಾಡ. ನೀ ಇನ್ನ ಎಂದೂ ಕುರಿ ತರಬ್ಯಾಡ. ತರದಿದ್ರೂ ನಾ ಕೇಳೂದು ಕೇಳಾಕಬೇಕು.”

ಮುದುಕ ತನ್ನ ಮಗಿಯನ್ನು ಎರಡೂ ಕೈಯಿಂದ ಬೆಳಕಿಗೆ ಸರಿಸಿ, ನೋಡೆಂದು ಫಕೀರವ್ವನಿಗೆ ಹೇಳಿದ. ಅವಳು ಬಾಗಿ ನೋಡಿದಳು, ನಾನೂ ನೋಡಿದೆ. ಮಗಿ ಕಂಠದ ತನಕ ತುಂಬಿತ್ತು. ನೊರೆ ಯಾವಾಗಲೋ ಆರಿ, ಮೇಲೆ ಎರಡು ಇರುವೆ ತೇಲುತ್ತಿದ್ದವು. ಮಧ್ಯಾಹ್ನ ಹಾಕಿದ್ದು ಹಾಗೇ ಇದೆಯಲ್ಲೋ ಯಪ್ಪಾ ಎಂದಳು ಫಕೀರವ್ವ.

“ಮುಂಜಾನಿಂದ ಮನ್ಯಾಗ ಹಾದಿ ಕಾದೆ,” ಎಂದ ಬೀರಸಿದ್ದಪ್ಪ. ಹೇಳಿದ್ದು ಫಕೀರವ್ವನಿಗೆ. “ಇಪ್ಪತ್ತ ವರ್ಷ ಏನೂ ತಪ್ಪ ಮಾಡದನ ಈ ದಿನಾ ನಮ್ಮ ಬಾಗಲಕ ಬಂದು ಕೈ ಮುಗದಾರ. ಈ ವರ್ಷ ತಪ್ಪ ಮಾಡಿ ಬರಲಿಲ್ಲಲ್ಲ ಅಂತ ಸಿಟ್ಟ ಬಂತು. ಇಲ್ಲಿ ಬಂದು ಮಗಿ ಹಾಕಿಸಿದೆ. ಕೈ ಏಳಲಿಲ್ಲ. ನಾ ಕುಡದ ಮ್ಯಾಲ ಅವರು ಬಂದ್ರ, ನನ್ನ ಮಾತ ಅವರಿಗಿ ಮುಟ್ಟತಿತ್ತೇನು?”

ಫಕೀರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಲಕ್ಕಪ್ಪ ಹರವಿಯ ಹಿಂದಿನಿಂದ ಎದ್ದು ಬಂದ.

ಬೀರಸಿದ್ದಪ್ಪ ಮೊಣಕಾಲು ಹಿಡಿದು ಎದ್ದ, ಹೊಸ್ತಿಲು ದಾಟಿ ಬೇವಿನ ಮರದ ಕೆಳಗೆ ಹೋಗಿ ನಿಂತ. ಸಾವಕಾರರು ಅವನ ಹಿಂದೆ ಬರಿಗಾಲಲ್ಲೇ ನಡೆದರು. ನಾವೂ ಹೋಗಿ ಬಾಗಿಲಲ್ಲಿ ನಿಂತೆವು. ನಾನು ಮುಂದಿನ ಬಾಗಿಲಲ್ಲಿ ನಿಂತದ್ದು ಅದೇ ಮೊದಲು, ಅದು ನನಗೆ ಆಮೇಲೆ ನೆನಪಾಯಿತು. ಸಾವಕಾರರು ಒಳಗೆ ಆಡಿದ್ದನ್ನೇ ಮತ್ತೆ ಒಂದಕ್ಷರ ಬಿಡದೆ ಹೇಳಿ ಕೈ ಮುಗಿದರು. ಬೀರಸಿದ್ದಪ್ಪ, ಕ್ಷಮಾ ಮಾಡಿದೆನ್ರಿ ಎಂದ. ಎಂದವನು ತಾನೂ ಕೈ ಮುಗಿದು ಹಾಗೇ ನಿಂತ.

“ನನ್ನದೂ ಐತ್ರಿ. ಕುರಿ ಈದೈತಿ ಅಂತ ಅವತ್ತ ಒಂದ ಮಾತ ಹೇಳಿದ್ರ ಮುಗೀತಿತ್ತು. ಹೇಳಲಿಲ್ಲ. ತಿಳದಾಗ ಇವರ ಹೊಟ್ಯಾಗ ಉರೀಲಿ ಅಂತ ಬೇಕಂತ ಸುಮ್ನ ಹ್ವಾದೆ. ಅದಕ್ಕ ನೀವು ಕ್ಷಮಾ ಮಾಡ್ರಿ.”

ಸಾವಕಾರರು ನಕ್ಕರು. ಉರಿದದ್ದು ಖರೆ, ಬೇಕಾದಷ್ಟು ಉರಿಯಿತು ಎಂದರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಮರಿ ಹೇಗಿದೆಯೆಂದು ಕೇಳಿದರು. ತಲೆ ತಗ್ಗಿಸಿ ಹಾಯುವಷ್ಟು ದೊಡ್ಡದಾಗಿದೆ ಎಂದ ಬೀರಸಿದ್ದಪ್ಪ. ಇಷ್ಟಾಗುವುದರೊಳಗೆ ಹೊತ್ತು ಈಚಲ ಗಿಡಗಳ ಹಿಂದೆ ಇಳಿದುಹೋಗಿತ್ತು. ಮನೆ ಅರ್ಧ ಮೈಲು. ಲಕ್ಕಪ್ಪ, ಓಡಿರಿ ಸಾವಕಾರರೇ, ಇನ್ನೂ ಬೆಳಕಿದೆ ಎಂದ. ಅವರು ಬೇಡವೆಂದು ಕೈಯಾಡಿಸಿದರು. ಇನ್ನೊಂದು ರಾತ್ರಿ ಹೊಟ್ಟೆ ತಡೆದುಕೊಳ್ಳುತ್ತದೆ, ಇದನ್ನು ಇನ್ನೊಂದು ರಾತ್ರಿ ತಡೆಯುವುದು ಆಗುತ್ತಿರಲಿಲ್ಲ ಎಂದರು. ಮೆಟ್ಟು ಬಿಟ್ಟೇ ಹೊರಟಿದ್ದರು, ಫಕೀರವ್ವ ಕೂಗಿ ನೆನಪಿಸಿದಳು. ಮೂರು ದಿನ ಉಂಡಿರದ ಆ ಹಿರಿಯರು, ಹಬ್ಬದೂಟ ಮುಗಿಸಿದವರ ಹಾಗೆ ನಿಧಾನವಾಗಿ ನಡೆದು ಹೋದರು.

ಬೀರಸಿದ್ದಪ್ಪ ಕಂಬಳಿಗಾಗಿ ಒಳಗೆ ಬಂದ. ಫಕೀರವ್ವ ಆ ಹಳೆಯ ಮಗಿಯನ್ನು ಎತ್ತಿ, ಈಗಾದರೂ ಕುಡಿ, ತಾಜಾ ಹಾಕಿ ಕೊಡುತ್ತೇನೆಂದು ಕರೆದಳು. ಅವನು ಬಾಗಿಲಾಚೆ, ದಾರಿಯ ಕಡೆ ನೋಡಿದ.

“ಬ್ಯಾಡವ್ವ. ಅವರು ಉಪಾಸ ಮಲಗತಾರ,” ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟ.

ನಾನೂ ನನ್ನ ಮಗಿಯನ್ನು ಹಾಗೇ ಬಿಟ್ಟು ಎದ್ದೆ ಎಂದು ಬರೆಯಲು ಆಸೆ. ಆದರೆ ಟೊಪ್ಪಿಗೆ ಎತ್ತಿದಾಗ ಅದು ಮೊದಲೇ ಖಾಲಿಯಿತ್ತು. ಟೊಪ್ಪಿಗೆ ಕೊಡವಿ ತಲೆಗಿಟ್ಟುಕೊಂಡು ಮುಂದಿನ ಬಾಗಿಲಿಂದಲೇ ಮನೆಗೆ ಹೋದೆ.