ಮಾದಮ್ಮ ಹೋಗ್ಬುಟ್ಲು

ಹಾನುಬಾಳಿನ ಶಾಲೆಯ ಮೈದಾನದಲ್ಲಿ ಹೊಸ ಜೀಪು ಚೆಂಡುಹೂವಿನ ಹಾರ ಹಾಕಿಸಿಕೊಂಡು ನಿಂತಿತ್ತು. ವನಗೂರು ಕಡೆಯ ಏರುದಾರಿಗಳಿಂದ ರೋಗಿಗಳನ್ನು ಸಕಲೇಶಪುರದ ಆಸ್ಪತ್ರೆಗೆ ಸಾಗಿಸಲೆಂದು ನೇತ್ರಾವತಿ ಊರೂರು ತಿರುಗಿ, ಭಾಷಣ ಮಾಡಿ, ದೇಣಿಗೆ ಎತ್ತಿ ಕೊಡಿಸಿದ ಜೀಪು. ಬಾಗಿಲ ಮೇಲೆ ಕೆಂಪಕ್ಷರದಲ್ಲಿ ‘ಮಾದಮ್ಮನವರ ಸ್ಮರಣಾರ್ಥ’ ಎಂದಿತ್ತು. ನೇತ್ರಾವತಿಯನ್ನು ಒಂದು ಮಾತೂ ಕೇಳದೆ ಅದನ್ನು ಬರೆಸಿದವನು ಸಮಾರಂಭದ ಸಂಘಟಕ ಪ್ರದೀಪ್. ಆ ಬಾಗಿಲ ಪಕ್ಕದಲ್ಲಿ, ಎಲೆಅಡಿಕೆ ಜಗಿಯುತ್ತ, ಸಾಕ್ಷಾತ್ ಮಾದಮ್ಮನೇ ನಿಂತಿದ್ದಳು.

ನೇತ್ರಾವತಿ ಎರಡು ಹೆಜ್ಜೆ ಹಿಂದೆ ಸರಿದಳು. ನಡುಸಮುದ್ರದಲ್ಲಿ ಮನೆಯೆತ್ತರದ ಅಲೆ ಎದ್ದಾಗಲೂ ಅವಳು ಹೀಗೆ ಹೆದರಿರಲಿಲ್ಲ.

ಅವಳ ಕಥೆ ಈಗ ಎಲ್ಲರ ಬಾಯಲ್ಲೂ ಇದೆ. ವನಗೂರಿನ ಎಸ್ಟೇಟ್ ಲೈನಿನ ಕೂಲಿಮನೆಯಲ್ಲಿ ಬೆಳೆದ ಹುಡುಗಿ, ಗೆಳತಿಯೊಬ್ಬಳ ಜೊತೆ ಪುಟ್ಟ ದೋಣಿಯಲ್ಲಿ ಹುಟ್ಟು ಹಾಕಿ ಅಟ್ಲಾಂಟಿಕ್ ಸಾಗರ ದಾಟಿದವಳು. ಅರ್ಧ ದಾರಿಯಲ್ಲಿದ್ದಾಗ ಸ್ಯಾಟಲೈಟ್ ಫೋನಿನಲ್ಲಿ ತಾಯಿ ರಾಜಲಕ್ಷ್ಮಮ್ಮ ಕೂಗಿದ್ದಳು: “ಮಾದಮ್ಮ ಹೋಗ್ಬುಟ್ಲು ಕಣೇ…” ಮುಂದಿನದನ್ನು ಗಾಳಿ ತಿಂದುಹಾಕಿತು. ಮಾದಮ್ಮ ಪಕ್ಕದ ಮನೆಯವಳು. ತಾಯಿ ಕೆಲಸಕ್ಕೆ ಹೋದಾಗ ನೇತ್ರಾಳನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವಳ ಬಾಯಲ್ಲಿ ದೊಡ್ಡವ್ವ. ನೇತ್ರಾ ಊರು ಬಿಡುವಾಗ ಮಾದಮ್ಮ ಜ್ವರದಲ್ಲಿ ಮಲಗಿದ್ದಳು. ನಮ್ಮ ಕಡೆ ಹೋಗ್ಬುಟ್ಲು ಎಂದರೆ ಬಸ್ಸು ಹತ್ತಿದವಳೂ ಆಗಬಹುದು, ಚಟ್ಟ ಹತ್ತಿದವಳೂ ಆಗಬಹುದು. ನೇತ್ರಾ ಚಟ್ಟವೆಂದೇ ತಿಳಿದು ಅಳುತ್ತ ಹುಟ್ಟು ಹಾಕಿದಳು. ದಡ ಮುಟ್ಟಿದ ಕೂಡಲೇ ಮೈಕು ಹಿಡಿದು ಬಂದವರ ಮುಂದೆ, “ಜೀಪು ಸಿಗದೆ ನನ್ನ ದೊಡ್ಡವ್ವ ಸತ್ತಳು, ಅವಳಿಗಾಗಿ ದಾಟಿದೆ” ಎಂದುಬಿಟ್ಟಳು. ಜೀಪಿನ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ; ಅದು ಅವಳೇ ಸೇರಿಸಿದ್ದು.

ಊರಿಗೆ ಬಂದಾಗ ಗೊತ್ತಾಯಿತು, ಮಾದಮ್ಮ ಹೋದದ್ದು ಕೆ. ಹೊಸಕೋಟೆಗೆ, ಮಗಳು ವಾಣಿಯ ಮನೆಗೆ. ನೇತ್ರಾ ನಕ್ಕಳು, ಅತ್ತಳು, ದೇವರಿಗೆ ಕೈಮುಗಿದಳು. ಅಲ್ಲಿಗೇ ನಿಂತಿದ್ದರೆ ಅದು ಬರೀ ಕಿವಿಯ ತಪ್ಪು. ಆದರೆ ಸ್ವಲ್ಪ ದಿನಕ್ಕೆ ಕಾಲೇಜೊಂದರಲ್ಲಿ ಭಾಷಣ ಮಾಡುವಾಗ ಹುಡುಗರು ಆಕಳಿಸತೊಡಗಿದರು. ಮಾದಮ್ಮನನ್ನು ಸಾಯಿಸಿದಳು; ಸಭೆ ಕಣ್ಣೊರೆಸಿಕೊಂಡಿತು, ದೇಣಿಗೆ ಬಂತು. ಆಮೇಲೆ ಹೋದಲ್ಲೆಲ್ಲ ಸಾಯಿಸುತ್ತಲೇ ಬಂದಳು. ಒಳ್ಳೆಯ ಕೆಲಸಕ್ಕಲ್ಲವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊಸಕೋಟೆಯ ಕಡೆ ಮಾತ್ರ ತಲೆ ಹಾಕಲಿಲ್ಲ. ಬದುಕಿದ್ದವಳಿಗೆ ತೋರಿಸಲು ಅವಳಿಗೆ ಮುಖವಿರಲಿಲ್ಲ.

“ಏನ್ ಮಗ, ಹಿಂಗ್ ಕರ್ರಗಾಗ್ಬುಟ್ಟಿದ್ದೀಯ!” ಮಾದಮ್ಮ ಅವಳ ಕೆನ್ನೆ ಸವರಿದಳು. “ಬತ್ತೀಯ, ಬತ್ತೀಯ ಅಂತ ಕಾಯ್ಕಂಡಿದ್ದೆ. ನೀನು ಬರ್ನಿಲ್ಲ, ನಾನೇ ಬಂದೆ. ತಗಾ, ನಿಂಗೆ ಅಂತ ಕಜ್ಜಾಯ ತಂದಿವ್ನಿ.”

ಹಿಂದೆ ವಾಣಿ ಬುಸುಗುಡುತ್ತಿದ್ದಳು. “ಅಕ್ಕ, ಬಾಗ್ಲಲ್ಲಿ ಬರ್ಸಿರೋದ ಓದಿ ಅವ್ವನಿಗೂ ಹೇಳಿವ್ನಿ. ಬದುಕಿರೋರಿಗೆ ಸ್ಮರಣಾರ್ಥ ಅನ್ನಕ್ಕೆ ನಿಮ್ಗೆ ಮನಸ್ಸು ಹೆಂಗ್ ಬಂತು?”

“ದೊಡ್ಡವ್ವ, ಫೋನಲ್ಲಿ ನಂಗೆ ತಪ್ಪು ಕೇಳುಸ್ತು. ಆಮ್ಯಾಲೆ…” ಕಜ್ಜಾಯದ ಡಬ್ಬಿ ನೇತ್ರಾಳ ಕೈಯಲ್ಲಿ ಇನ್ನೂ ಬೆಚ್ಚಗಿತ್ತು. ನಾಚಿಕೆಯಿಂದ ಅವಳಿಗೆ ಸತ್ತುಹೋಗಬೇಕೆನ್ನಿಸಿತು.

“ಸುಮ್ಕಿರೇ ವಾಣಿ,” ಮಾದಮ್ಮ ನಕ್ಕಳು. “ಕಾಗೆ ತಲೆ ಮುಟ್ಟಿದ್ರೆ ನಾವೂ ನೆಂಟ್ರಿಗೆ ಸುಳ್ಳು ಸಾವಿನ ಸುದ್ದಿ ಕಳಿಸ್ತಿರ್ಲಿಲ್ವ? ಅವ್ರು ಅತ್ತುಬುಟ್ರೆ ದೋಷ ಹೋಯ್ತದೆ, ಆಯಸ್ಸು ಗಟ್ಟಿ ಆಯ್ತದೆ. ನಂಗೆ ಊರೂರೇ ಅತ್ತೈತಂತೆ. ಇನ್ನು ನಾನು ಸಾಯೋದುಂಟಾ?”

ನೇತ್ರಾಳಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ವೇದಿಕೆಯಿಂದ ಪ್ರದೀಪ್ ಓಡಿಬಂದ. ಅವನಿಗೆ ಮಾದಮ್ಮ ಯಾರೆಂದು ಗೊತ್ತಿರಲಿಲ್ಲ. “ಮೇಡಂ, ಜನ ಕಾಯ್ತಿದ್ದಾರೆ. ಮಾದಮ್ಮ ಸತ್ತಿದ್ದು ಮಾತ್ರ ಬಿಡಬೇಡಿ, ಎಲ್ಲರಿಗೂ ನಾಟೋದು ಅದೇ.”

ಅವನು ಹೋದ ಮೇಲೆ ಮಾದಮ್ಮ ನೇತ್ರಾಳ ಕೈ ಹಿಡಿದುಕೊಂಡಳು. ಹುಟ್ಟು ಹಾಕಿ ಜಡ್ಡುಗಟ್ಟಿದ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು.

“ಒಂದ್ ಮಾತು ಮಗ. ಕಾಗೆ ಮುಟ್ದಾಗ, ನೆಂಟ್ರು ಅತ್ತ ಮ್ಯಾಲೆ ಹೊತ್ತು ಮುಳುಗೋದ್ರೊಳ್ಗೆ ಇನ್ನೊಬ್ರನ್ನ ಓಡಿಸ್ತಿದ್ವಿ, ಬದುಕೌಳೆ, ಅಳಬ್ಯಾಡಿ ಅಂತ. ನೀನು ಯಾವಾಗ ಹೇಳ್ಕಳಿಸ್ತೀಯ?”

ನೇತ್ರಾ ವೇದಿಕೆಯ ಮೆಟ್ಟಿಲು ಹತ್ತಿದಳು. ಮಾದಮ್ಮ ಮುಂದಿನ ಸಾಲಿನಲ್ಲಿ ಕುಳಿತಳು. ಸಮುದ್ರದ ಕಥೆ ಎಂದಿನಂತೆ ಸಾಗಿತು. ಫೋನು ಬಂದ ಭಾಗಕ್ಕೆ ಬಂದಾಗ ಅವಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಜನ ಆಗಲೇ ಕರ್ಚೀಫು ತೆಗೆದಿದ್ದರು.

“ಮಾದಮ್ಮ ಸತ್ತಿಲ್ಲ. ಅಗೋ, ಅಲ್ಲಿ ಕೂತಿದ್ದಾರೆ.”

ಸಭೆ ಒಂದು ಕ್ಷಣ ಬೆಪ್ಪಾಗಿ, ಆಮೇಲೆ ಚಪ್ಪಾಳೆ ಹೊಡೆಯಿತು. ಎಲ್ಲರೂ ಅದನ್ನು ಭಾಷಣದ ಚಮತ್ಕಾರವೆಂದೇ ತಿಳಿದರು. ಪ್ರದೀಪನಂತೂ ಎದ್ದುನಿಂತು ಹೊಡೆಯುತ್ತಿದ್ದ. ಇಲ್ಲಿಗೇ ಬಿಟ್ಟರೂ ನಡೆಯುತ್ತದೆ ಎಂದು ನೇತ್ರಾಳ ಮನಸ್ಸು ಆಗಲೂ ಹೇಳಿತು, ನಾಚಿಕೆಗೆಟ್ಟ ಮನಸ್ಸು.

“ಚಪ್ಪಾಳೆ ಬೇಡ,” ಎಂದಳು. “ಇವರು ಬದುಕಿರೋದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದ ಊರಲ್ಲೆಲ್ಲ ಸಾಯಿಸಿದೆ. ನೀವು ಅತ್ತರೆ ದೇಣಿಗೆ ಕೊಡ್ತೀರಿ ಅಂತ ಸಾಯಿಸಿದೆ.”

ಚಪ್ಪಾಳೆ ನಿಂತಿತು. ಪ್ರದೀಪ್ ಮೆಲ್ಲಗೆ ಕುಳಿತ. ಹಿಂದಿನ ಸಾಲಿನಲ್ಲಿ ಯಾರೋ, “ಹಂಗಾರೆ ಎಲ್ಲಾ ಸುಳ್ಳಾ?” ಎಂದರು. ನೇತ್ರಾ ಮಾದಮ್ಮನತ್ತ ನೋಡಿದಳು. ಬಂದಾಗಿನಿಂದ ನೋವು ತೋರಗೊಡದೆ ನಗುತ್ತಲೇ ಇದ್ದ ಮಾದಮ್ಮ, ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.